ಪುಟ್ಟ ಕ್ವೇಕರ್ ಶಾಲೆಯ ಕಟ್ಟಡ, ಆವರಣ ಸುಧಾರಣೆ: ಕಮಿಟಿಗೆ ಸಿಕ್ಕಿಬಿದ್ದವರಿಗೊಂದು ಸಮಗ್ರ ಮಾರ್ಗದರ್ಶಿ

ಪ್ರಾಪರ್ಟಿ ಕಮಿಟಿಗೆ ಸೇರಿದ ದಿನ ನನ್ನ ಕೈಗೆ ಒಂದು ಬೀಗದ ಕೈ ಗೊಂಚಲು ಬಂತು. ಎಣಿಸಿದೆ, 41 ಇದ್ದವು. ಅದರಲ್ಲಿ 17 ಯಾವ ಬಾಗಿಲಿನವು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದಕ್ಕೆ ತಗಡಿನ ಬಿಲ್ಲೆ ಕಟ್ಟಿ ‘ಕಲ್ಲಿದ್ದಲು ಕೋಣೆ’ ಅಂತ ಕೆತ್ತಿದ್ದರು. ಆ ಕೋಣೆ ಕೆಡವಿ ಎಷ್ಟೋ ವರ್ಷವಾಗಿತ್ತು.

ನನ್ನನ್ನು ಕಮಿಟಿಗೆ ಕರೆದ ಕಾರಣ ಒಂದೇ: “ನೀವು ಎಂಜಿನಿಯರ್ ಅಲ್ವಾ?” ಹೌದು, ಆದರೆ ಸಾಫ್ಟ್‌ವೇರ್. ಬಾಯ್ಲರ್ ಅಂದರೆ ಮನೆಯ ಗೀಸರ್‌ನ ಅಣ್ಣ ಅನ್ನುವಷ್ಟೇ ತಿಳಿವಳಿಕೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಕ್ಕಳನ್ನು ಇಂಥ ಶಾಲೆಗೆ ಹಾಕಿದ ಕನ್ನಡದ ಅಪ್ಪ ಅಮ್ಮಂದಿರು ಕೆಲವರಾದರೂ ನನ್ನ ಹಾಗೇ ಸಿಕ್ಕಿಬಿದ್ದಿರುತ್ತೀರಿ. ಇದು ನಿಮಗಾಗಿ.

ಫಿಲಡೆಲ್ಫಿಯಾ ಸುತ್ತಮುತ್ತ ಕ್ವೇಕರ್ ಶಾಲೆಗಳು ಜಾಸ್ತಿ. ಕ್ವೇಕರರು ಅಂದರೆ ‘ಫ್ರೆಂಡ್ಸ್’ ಅಂತಲೂ ಕರೆಯುವ, ಮೌನ ಪ್ರಾರ್ಥನೆಗೆ ಹೆಸರಾದ ಒಂದು ಕ್ರೈಸ್ತ ಪಂಗಡ. ಕ್ವೇಕರನೇ ಆದ ವಿಲಿಯಂ ಪೆನ್‌ಗೆ ಪೆನ್ಸಿಲ್ವೇನಿಯಾ ಪ್ರಾಂತ್ಯ ಸಿಕ್ಕಿದ್ದು 1681ರಲ್ಲಿ. ಅವನ ಹೆಸರಿನ ಪೆನ್ ಚಾರ್ಟರ್ ಶಾಲೆ 1689ರದು, ವೆಸ್ಟ್‌ಟೌನ್ ಶಾಲೆ 1799ರದು. ಅಂಥ ದೊಡ್ಡ ಶಾಲೆಗಳಲ್ಲಿ ಕಟ್ಟಡ ನೋಡಿಕೊಳ್ಳೋಕೇ ಸಂಬಳದ ಜನ ಇರುತ್ತಾರೆ. ನಾನು ಹೇಳುವುದು 80–100 ಮಕ್ಕಳ, ಒಬ್ಬನೇ ಮೇಂಟೆನೆನ್ಸ್ ಮನುಷ್ಯನ, ಹಳೇ ಕಲ್ಲು ಕಟ್ಟಡದ ಪುಟ್ಟ ಶಾಲೆಗಳ ಬಗ್ಗೆ.

ಮೊದಲ ಹೆಜ್ಜೆ: ಜಾಗ ಯಾರದು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ನೇರ ಆರ್ಕಿಟೆಕ್ಟ್ ಹತ್ತಿರ ಹೋದರೆ ಆಮೇಲೆ ಪರದಾಡುತ್ತೀರಿ. ಎಷ್ಟೋ ಪುಟ್ಟ ಶಾಲೆಗಳು ಒಂದು ‘ಮಂತ್ಲಿ ಮೀಟಿಂಗ್’ನ ಆಶ್ರಯದಲ್ಲಿರುತ್ತವೆ. ಮೀಟಿಂಗ್ ಅಂದರೆ ಇಲ್ಲಿ ಸಭೆಯೂ ಹೌದು, ಆ ಊರಿನ ಕ್ವೇಕರ್ ಸಮುದಾಯವೂ ಹೌದು. ನೆಲ, ಮೀಟಿಂಗ್‌ಹೌಸ್ (ಅವರ ಪ್ರಾರ್ಥನಾ ಮನೆ), ಕೆಲವು ಕಡೆ ಶಾಲೆಯ ಕಟ್ಟಡವೂ ಮೀಟಿಂಗ್ ಹೆಸರಲ್ಲೇ ಇರುತ್ತವೆ. ಶಾಲೆ ಬರೀ ಬಳಸುತ್ತದೆ. ಹಾಗಿದ್ದಾಗ ಶಾಲೆಯ ಬೋರ್ಡ್ ಒಪ್ಪಿದರೆ ಸಾಲದು, ಮೀಟಿಂಗೂ ಒಪ್ಪಬೇಕು. ಆ ಎರಡು ಗುಂಪುಗಳಲ್ಲಿ ಇರುವವರು ಬೇರೆ ಬೇರೆ ಜನ, ಅವರ ಚಿಂತೆಗಳೂ ಬೇರೆ.

ಕ್ರಯಪತ್ರ, ಬಾಡಿಗೆ ಅಥವಾ ಬಳಕೆಯ ಒಪ್ಪಂದ, ಸರ್ವೆ ನಕ್ಷೆ, ಇನ್ಶೂರೆನ್ಸ್ ಈ ನಾಲ್ಕನ್ನೂ ಒಂದು ಫೈಲಿಗೆ ಹಾಕಿ. ಸೂರು ಸೋರಿದರೆ ಯಾರ ಖರ್ಚು, ಹೊಸದಾಗಿ ಕಟ್ಟಿದ್ದು ಯಾರ ಆಸ್ತಿ ಅನ್ನುವುದು ಬರಹದಲ್ಲಿ ಇಲ್ಲದಿದ್ದರೆ, ದುಡ್ಡು ಎತ್ತುವ ಮೊದಲೇ ವಕೀಲರನ್ನು ಕೂರಿಸಿ ಬರೆಸಿಕೊಳ್ಳಿ.

ಸ್ಮಶಾನದ ಬಗ್ಗೆಯೂ ಕೇಳಿ. ತಮಾಷೆಯಲ್ಲ. ಹಳೇ ಕಾಲದ ಕ್ವೇಕರರು ಸಮಾಧಿಗೆ ಕಲ್ಲು ನಿಲ್ಲಿಸುತ್ತಿರಲಿಲ್ಲ. ಸತ್ತ ಮೇಲೂ ದೊಡ್ಡವರು ಚಿಕ್ಕವರು ಅಂತ ಭೇದ ಯಾಕೆ ಅನ್ನುವುದು ಅವರ ಲೆಕ್ಕ. ಹಾಗಾಗಿ ಮೀಟಿಂಗ್‌ಹೌಸ್ ಪಕ್ಕದ ಖಾಲಿ ಹುಲ್ಲುಗಾವಲು ನಿಜಕ್ಕೂ ಖಾಲಿಯೇ ಅಂತ ನಂಬುವ ಹಾಗಿಲ್ಲ. ಅಲ್ಲಿ ಚರಂಡಿ ಪೈಪಿಗೆ ಅಗೆಯುವ ಮೊದಲು ಮೀಟಿಂಗ್‌ನ ಹಳೇ ದಾಖಲೆ ನೋಡಿ. ಅನುಮಾನ ಇದ್ದರೆ ನೆಲದೊಳಗೆ ರಾಡಾರ್ ಬಿಟ್ಟು ನೋಡುವವರನ್ನು ಕರೆಸಿ. ಅಗೆಯೋದು ಆಮೇಲೆ.

ಎರಡನೇ ಹೆಜ್ಜೆ: ಜೋರು ಮಳೆ ಬಂದ ದಿನ ಸುತ್ತಿ

ಬಿಸಿಲಿನ ದಿನ ಎಲ್ಲ ಕಟ್ಟಡವೂ ಚೆನ್ನಾಗಿಯೇ ಕಾಣುತ್ತದೆ. ಮಳೆ ಬರಲಿ. ಟಾರ್ಚು, ಫೋನು, ಒಂದು ಸ್ಕ್ರೂಡ್ರೈವರ್ ಹಿಡಿದು ಮೇಂಟೆನೆನ್ಸ್‌ನವರ ಜೊತೆ ಹೊರಡಿ. ಅವರು ಮುಂದೆ, ನೀವು ಹಿಂದೆ. ಅವರಿಗೆ ಗೊತ್ತಿರುವ ಅರ್ಧದಷ್ಟೂ ಯಾವ ವರದಿಯಲ್ಲೂ ಇರುವುದಿಲ್ಲ.

ನಾವು ಮೊದಲು ಇಳಿದಿದ್ದು ಬೇಸ್‌ಮೆಂಟಿಗೆ. ಮೆಟ್ಟಿಲ ಮೇಲೇ ಮಳೆಗಾಲದ ಮಲೆನಾಡಿನ ಮನೆಯ ವಾಸನೆ, ಒದ್ದೆ ಗೋಣಿಚೀಲದ್ದು. ವಾಯುವ್ಯ ಮೂಲೆಯ ಕಲ್ಲುಗಳ ಸಂದಿನಿಂದ ನೀರು ಒಂದು ಗೆರೆ ಎಳೆದ ಹಾಗೆ ಇಳಿಯುತ್ತಿತ್ತು. “ವಾಟರ್‌ಪ್ರೂಫಿಂಗ್ ಮಾಡಿಸಬೇಕು, 40 ಸಾವಿರ ಡಾಲರ್ ಆದೀತು” ಅಂತ ಒಬ್ಬರು ಲೆಕ್ಕ ಹಾಕತೊಡಗಿದರು. ಮೇಂಟೆನೆನ್ಸ್‌ನವರು ಏನೂ ಮಾತಾಡದೆ ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಅದೇ ಮೂಲೆಯ ಗಟರ್ (ಸೂರಂಚಿನ ನೀರಿನ ದೋಣಿ) ತೋರಿಸಿದರು. ಎಲೆ ಕಟ್ಟಿ ತುಂಬಿಹೋಗಿತ್ತು. ಸೂರಿನ ನೀರೆಲ್ಲ ಪೈಪು ಬಿಟ್ಟು ಗೋಡೆ ಬುಡಕ್ಕೇ ಬೀಳುತ್ತಿತ್ತು. ನೆಲವೂ ಕಟ್ಟಡದ ಕಡೆಗೇ ಇಳಿಜಾರು. ಗಟರ್ ಶುಚಿ ಮಾಡಿಸಿ, ಪೈಪು ಉದ್ದ ಮಾಡಿಸಿ, ಗೋಡೆಯಿಂದ 10 ಅಡಿಯವರೆಗೆ 6 ಇಂಚು ಇಳಿಜಾರು ಬರುವ ಹಾಗೆ ಮಣ್ಣು ಹಾಕಿಸಿದೆವು. ಬೇಸ್‌ಮೆಂಟ್ ಪೂರ್ತಿ ಒಣಗಲಿಲ್ಲ, ಆದರೆ ಆ ಗೆರೆ ನಿಂತಿತು.

ಸುತ್ತುವಾಗ ನೋಡಬೇಕಾದ್ದು: ಸೂರು ಮತ್ತು ಗಟರ್, ಕಿಟಕಿ ಕೆಳಗಿನ ಮರ (ಸ್ಕ್ರೂಡ್ರೈವರ್ ಚುಚ್ಚಿ, ಮೆತ್ತಗೆ ಒಳಗೆ ಹೋದರೆ ಕೊಳೆತಿದೆ ಅಂತ), ಬಾಯ್ಲರ್ ಮೇಲಿನ ತಯಾರಿಕೆ ವರ್ಷ, ಕರೆಂಟಿನ ಪ್ಯಾನೆಲ್, ಕಕ್ಕಸು, ತುರ್ತು ಬಾಗಿಲುಗಳು, ಆಟದ ಮೈದಾನ. ಜಾರುಬಂಡೆ, ಏಣಿಗಳ ಸುತ್ತ 6 ಅಡಿ ಜಾಗದಲ್ಲಿ, ಬಿದ್ದರೆ ಪೆಟ್ಟಾಗದಿರಲಿ ಅಂತ ಹಾಸುವ ಮರದ ಚೂರು 9 ಇಂಚಾದರೂ ಇದೆಯಾ ಅಂತ ಸ್ಕೇಲು ಹಾಕಿ. ಮಕ್ಕಳು ಒದ್ದು ಒದ್ದು ಉಯ್ಯಾಲೆಯ ಕೆಳಗೆ ಏನೂ ಉಳಿದಿರುವುದಿಲ್ಲ.

ಗೋಡೆಯ ಬಗ್ಗೆ ಒಂದು ಎಚ್ಚರಿಕೆ. ಹಳೇ ಕಲ್ಲು ಗೋಡೆಗಳು ಸುಣ್ಣದ ಗಾರೆಯವು. ಗಾರೆ ಉದುರಿದೆ ಅಂತ ಗಟ್ಟಿ ಸಿಮೆಂಟ್ ಮೆತ್ತಿಸಬೇಡಿ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲಿನ ಮುಖವನ್ನೇ ಸಿಡಿಸುತ್ತದೆ. ನಮ್ಮೂರಿನ ಹಳೇ ಗುಡಿಗಳಿಗೆ ಸಿಮೆಂಟ್ ಬಳಿದು ಕೆಡಿಸಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೇ ಹೆಜ್ಜೆ: ಕಂಡದ್ದನ್ನು ಲೆಕ್ಕಕ್ಕೆ ತನ್ನಿ

ಒಂದು ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಸಾಲಿಗೂ ಏನು, ಎಲ್ಲಿ, ಎಷ್ಟು ವಯಸ್ಸು, ಇನ್ನೆಷ್ಟು ವರ್ಷ ಬಂದೀತು, ಬದಲಿಸಲು ಎಷ್ಟು. ಅಂದಾಜಿಗೆ: ಆಸ್ಫಾಲ್ಟ್ ಶಿಂಗಲ್ (ಡಾಂಬರು ಹಾಳೆಯ ಹೆಂಚು) ಸೂರು 20–30 ವರ್ಷ, ಸ್ಲೇಟ್ ಕಲ್ಲಿನದು ಚೆನ್ನಾಗಿ ನೋಡಿಕೊಂಡರೆ 75ಕ್ಕೂ ಜಾಸ್ತಿ, ಬಾಯ್ಲರ್ 20–30, ಸೂರಿನ ಮೇಲಿನ ಎಸಿ ಘಟಕ 15–20.

ಆಮೇಲೆ ಎರಡು ಲೆಕ್ಕ ಹಾಕಿ. ಬಾಕಿ ಉಳಿದ ರಿಪೇರಿಯ ಮೊತ್ತವನ್ನು, ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು ಬೇಕಾಗುವ ಮೊತ್ತದಿಂದ ಭಾಗಿಸಿ. ಶೇ. 5ಕ್ಕಿಂತ ಕಡಿಮೆ ಬಂದರೆ ಚೆನ್ನಾಗಿದೆ, 10 ದಾಟಿದರೆ ಕೆಟ್ಟಿದೆ ಅಂತ ಈ ಕ್ಷೇತ್ರದವರ ರೂಢಿ. ಹೊಸದಾಗಿ ಕಟ್ಟುವ ಬೆಲೆ 60 ಲಕ್ಷ ಡಾಲರ್, ಬಾಕಿ ರಿಪೇರಿ ಏಳೂವರೆ ಲಕ್ಷ ಅಂತಿಟ್ಟುಕೊಳ್ಳಿ. ಶೇ. 12.5. ಅಂದರೆ ಹೊಸ ಜಿಮ್ ಬಗ್ಗೆ ಮಾತಾಡೋ ಸ್ಥಿತಿಯಲ್ಲಿ ನೀವಿಲ್ಲ.

ಎರಡನೆಯದು ವರ್ಷದ ನಿರ್ವಹಣೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1990ರಲ್ಲಿ ಸರ್ಕಾರಿ ಕಟ್ಟಡಗಳ ವಿಷಯದಲ್ಲಿ ಹೇಳಿದ್ದು, ಇದೇ ಹೊಸದಾಗಿ ಕಟ್ಟುವ ಬೆಲೆಯ ಶೇ. 2ರಿಂದ 4ರಷ್ಟನ್ನು ಪ್ರತಿ ವರ್ಷ ನಿರ್ವಹಣೆಗೆ ಇಡಿ ಅಂತ. 60 ಲಕ್ಷಕ್ಕೆ 1.2ರಿಂದ 2.4 ಲಕ್ಷ. ಪುಟ್ಟ ಶಾಲೆಯ ಖಜಾಂಚಿ ಈ ಅಂಕಿ ನೋಡಿ ನಕ್ಕೇ ನಗುತ್ತಾರೆ. ನಗಲಿ, ಬರೆದಿಡಿ. ಇಡದ ದುಡ್ಡೇ ಮುಂದೆ ಬಾಕಿಯಾಗಿ ಬರೋದು.

ನಾಲ್ಕನೇ ಹೆಜ್ಜೆ: ಕಣ ಮಾಡಿ, ಒಕ್ಕಿ, ಆಮೇಲೆ ನಿರ್ಧರಿಸಿ

ಬೇರೆ ಶಾಲೆಗಳ ಯೋಜನೆಗೂ ಕ್ವೇಕರ್ ಶಾಲೆಯದಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಲ್ಲಿ ಓಟು ಹಾಕುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಭೆ ನೋಡಿದ ನನಗೆ ಇದನ್ನು ಅರಗಿಸಿಕೊಳ್ಳೋಕೆ ಒಂದು ವರ್ಷ ಹಿಡಿಯಿತು. ಸಭೆ ಮೌನದಿಂದ ಶುರುವಾಗುತ್ತದೆ. ನಡೆಸುವವರು ಅಧ್ಯಕ್ಷರಲ್ಲ, ‘ಕ್ಲರ್ಕ್’. ನಮ್ಮ ಕಚೇರಿಯ ಗುಮಾಸ್ತರಲ್ಲ, ಎಲ್ಲರ ಮಾತು ಕೇಳಿ ಸಭೆ ಎತ್ತ ಹೊರಳುತ್ತಿದೆ ಅಂತ ಗ್ರಹಿಸುವವರು. ಹಾಗೆ ಗ್ರಹಿಸಿದ್ದನ್ನು ಅಲ್ಲೇ ಬರೆದು, ಅಲ್ಲೇ ಓದಿ ಹೇಳುತ್ತಾರೆ. ಎಲ್ಲರೂ ಹೌದು ಅಂದರೆ ಅದೇ ‘ಮಿನಿಟ್’, ಅದೇ ತೀರ್ಮಾನ. ಒಬ್ಬರಿಗೆ ಒಪ್ಪಿಗೆ ಇಲ್ಲದಿದ್ದರೆ “ನಾನು ಪಕ್ಕಕ್ಕೆ ನಿಲ್ಲುತ್ತೇನೆ, ನೀವು ಮುಂದುವರಿಯಿರಿ” ಅನ್ನಬಹುದು. ಹಾಗನ್ನದೆ ಗಟ್ಟಿಯಾಗಿ ತಡೆದರೆ ವಿಷಯ ಮುಂದಿನ ತಿಂಗಳಿಗೆ.

ಮೀಟಿಂಗ್‌ನ ವ್ಯವಹಾರ ಸಭೆ ಸಾಮಾನ್ಯವಾಗಿ ತಿಂಗಳಿಗೊಂದೇ. ದೊಡ್ಡ ವಿಷಯವನ್ನು ಮೊದಲ ಸಲ ತಂದ ದಿನವೇ ತೀರ್ಮಾನಿಸುವುದು ಅಪರೂಪ. ‘ಸೀಸನ್’ ಆಗಲಿ ಅಂತ ಬಿಡುತ್ತಾರೆ. ಮಾವಿನ ಉಪ್ಪಿನಕಾಯಿ ಕಳಿಯೋಕೆ ಬಿಟ್ಟ ಹಾಗೆ. ಆದ್ದರಿಂದ ನಿಮ್ಮ ವೇಳಾಪಟ್ಟಿಯಲ್ಲಿ ಒಂದೊಂದು ದೊಡ್ಡ ತೀರ್ಮಾನಕ್ಕೂ ಎರಡು ಮೂರು ತಿಂಗಳು ಮೊದಲೇ ಬರೆದಿಡಿ. ಎಷ್ಟೋ ಯೋಜನೆಗಳಲ್ಲಿ ಕಂಟ್ರಾಕ್ಟರಿಗೆ ಕೊಟ್ಟ ವಾರಗಳೆಲ್ಲ ಪಟ್ಟಿಯಲ್ಲಿರುತ್ತವೆ, ಮೌನಕ್ಕೆ ಕೊಟ್ಟ ವಾರಗಳು ಮಾತ್ರ ಇರುವುದಿಲ್ಲ. ಆಮೇಲೆ “ಈ ಕ್ವೇಕರರು ಬಹಳ ನಿಧಾನ” ಅಂತ ಗೊಣಗಾಟ.

ಮಾಡುವ ಕ್ರಮ ಹೀಗೆ. ಮೊದಲು ಕ್ವೇರಿಗಳು, ಅಂದರೆ ಹೌದು ಇಲ್ಲ ಅಂತ ಉತ್ತರಿಸಲಾಗದ, ಕೂತು ಯೋಚಿಸಬೇಕಾದ ಪ್ರಶ್ನೆಗಳು. “ಹೊಸ ಜಿಮ್ ಬೇಕಾ?” ಕ್ವೇರಿಯಲ್ಲ. “ಮಳೆ ಬಂದ ದಿನ ನಮ್ಮ ಮಕ್ಕಳ ಮೈ ಎಲ್ಲಿ ಹಗುರಾಗುತ್ತದೆ?” ಅನ್ನುವುದು ಕ್ವೇರಿ. “ಗಾಲಿಕುರ್ಚಿಯ ಅಜ್ಜಿ ಮೊಮ್ಮಗನ ತರಗತಿಗೆ ಯಾವ ದಾರಿಯಿಂದ ಬರುತ್ತಾರೆ?” ಇನ್ನೊಂದು. ಇವನ್ನು ಟೀಚರುಗಳಿಗೆ, ಮಕ್ಕಳಿಗೆ, ಅಡುಗೆಯವರಿಗೆ, ಮೀಟಿಂಗ್‌ನ ಹಿರಿಯರಿಗೆ ಕೊಡಿ. ನಮ್ಮಲ್ಲಿ ಎರಡನೇ ಕ್ಲಾಸಿನ ಮಕ್ಕಳು ಬರೆದದ್ದರಲ್ಲಿ ಹೆಚ್ಚು ಸಲ ಬಂದಿದ್ದು ಕಕ್ಕಸಿನ ಬಾಗಿಲ ಚಿಲಕ. ದೊಡ್ಡವರ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ. ಆ ವಾರವೇ ಬದಲಿಸಿದೆವು.

ಆಮೇಲೆ ‘ಥ್ರೆಶಿಂಗ್ ಸೆಷನ್’. ಹೆಸರಿನ ಅರ್ಥವೇ ಒಕ್ಕಣೆ. ಕಣದಲ್ಲಿ ರಾಗಿ ಒಕ್ಕಿ, ತೂರಿ, ಜೊಳ್ಳು ಹಾರಿಸುವ ಕೆಲಸ. ಈ ಸಭೆಯಲ್ಲಿ ಯಾವ ತೀರ್ಮಾನವೂ ಇಲ್ಲ, ಇದನ್ನು ಮೊದಲೇ ಸಾರಿ ಹೇಳಿ. ತೀರ್ಮಾನ ಇಲ್ಲ ಅಂತ ಗೊತ್ತಾದರೆ ಜನ ಸಿಟ್ಟನ್ನೂ ಭಯವನ್ನೂ ಹೊರಗೆ ಹಾಕುತ್ತಾರೆ.

ನಮ್ಮ ಶಾಲೆಯಲ್ಲಿ ಕಾರು ನಿಲ್ಲಿಸುವ ಜಾಗ ದೊಡ್ಡದು ಮಾಡುವ ನಕ್ಷೆ ಬಂದಿತ್ತು. ಬೀಚ್ ಜಾತಿಯ ಒಂದು ಹಳೇ ಮರ ಹೋಗಬೇಕಿತ್ತು. ಮೀಟಿಂಗ್‌ನ ಒಬ್ಬ ವೃದ್ಧೆ ಎದ್ದು ನಿಂತು, ಆ ಮರದ ಬೇರುಗಳ ನಡುವೆ ಕೂತು ತಾವು ಓದಲು ಕಲಿತದ್ದನ್ನು ಹೇಳಿ ಕೂತುಬಿಟ್ಟರು. ಮರ ಕಡಿಯಬೇಡಿ ಅಂತ ಅನ್ನಲೇ ಇಲ್ಲ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಬಸ್ಸು ತಿರುಗುವ ದಾರಿಯನ್ನು ಬೇರೆ ಕಡೆಗೆ ಹಾಕಿದೆವು. ಎರಡು ತಿಂಗಳು ಹೋಯಿತು, ಖರ್ಚೂ ಜಾಸ್ತಿಯೇ ಆಯಿತು. ಮೂರು ಕಾರಿನ ಜಾಗ ಕಡಿಮೆಯಾಗಿ ಈಗಲೂ ಬೆಳಿಗ್ಗೆ ಎಂಟಕ್ಕೆ ಹಾರ್ನ್ ಕೇಳಿಸುತ್ತದೆ. ಮರ ಇದೆ.

ಐದನೇ ಹೆಜ್ಜೆ: ಕಾನೂನು, ವಿಷ, ನೀರು

ಬೇಸರದ ಭಾಗ, ಆದರೆ ಹಾರಿಸುವ ಹಾಗಿಲ್ಲ.

ಕಲ್ನಾರು (ಆಸ್ಬೆಸ್ಟಾಸ್): 1986ರ ಫೆಡರಲ್ ಕಾನೂನು ಲಾಭಕ್ಕಲ್ಲದ ಖಾಸಗಿ ಶಾಲೆಗಳಿಗೂ ಅನ್ವಯ. ಕಲ್ನಾರು ಎಲ್ಲಿದೆ ಅಂತ ತಪಾಸಣೆ, ಬರಹದ ನಿರ್ವಹಣಾ ಯೋಜನೆ, 6 ತಿಂಗಳಿಗೊಮ್ಮೆ ಕಣ್ಣೋಟ, 3 ವರ್ಷಕ್ಕೊಮ್ಮೆ ಮರುತಪಾಸಣೆ ಬೇಕು. ಆ ಫೈಲು ಆಫೀಸಿನಲ್ಲಿ ಇರಲೇಬೇಕು. ಹಳೇ ನೆಲದ ಟೈಲ್, ಪೈಪಿನ ಸುತ್ತಿನ ಕವಚ ಮುಟ್ಟುವ ಮೊದಲು ಅದನ್ನು ತೆಗೆದು ನೋಡಿ.

ಸೀಸ: 1978ಕ್ಕಿಂತ ಹಿಂದಿನ ಕಟ್ಟಡದ ಬಣ್ಣದಲ್ಲಿ ಸೀಸ ಇರಬಹುದು. ಪುಟ್ಟ ಮಕ್ಕಳಿರುವ ಕೋಣೆಯಲ್ಲಿ ಬಣ್ಣ ಕೆರೆಯಲು ಅದಕ್ಕೆ ಪ್ರಮಾಣಪತ್ರ ಇರುವ ಕಂಟ್ರಾಕ್ಟರೇ ಬೇಕು. “ಶನಿವಾರ ಎಲ್ಲ ಅಪ್ಪಂದಿರು ಸೇರಿ ಕಿಟಕಿ ಉಜ್ಜೋಣ” ಅನ್ನುವ ಉತ್ಸಾಹಕ್ಕೆ ಇಲ್ಲಿ ಕಡಿವಾಣ ಹಾಕಿ.

ರೇಡಾನ್: ಪೆನ್ಸಿಲ್ವೇನಿಯಾದ ನೆಲದಲ್ಲಿ ಈ ವಿಕಿರಣಶೀಲ ಅನಿಲ ಜಾಸ್ತಿ. ಒಂದು ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಅಥವಾ ಹೆಚ್ಚು ಬಂದರೆ ಕ್ರಮ ತೆಗೆದುಕೊಳ್ಳಬೇಕು. ಪರೀಕ್ಷೆ ಅಗ್ಗ.

ರ‍್ಯಾಂಪ್: ಅಂದರೆ ಗಾಲಿಕುರ್ಚಿ ಹೋಗುವ ಇಳಿಜಾರು ದಾರಿ. ಧಾರ್ಮಿಕ ಸಂಸ್ಥೆಯ ಹತೋಟಿಯಲ್ಲಿರುವ ಶಾಲೆಗಳಿಗೆ 1990ರ ಅಂಗವಿಕಲರ ಹಕ್ಕುಗಳ ಕಾನೂನಿನ ಮೂರನೇ ಭಾಗದಿಂದ ವಿನಾಯಿತಿ ಇದೆ. ರಾಜ್ಯದ ಕಟ್ಟಡ ನಿಯಮದಿಂದ ಹಾಗೆ ಸುಲಭವಾಗಿ ಬಿಡುಗಡೆ ಇಲ್ಲ. ಅದೂ ಅಲ್ಲದೆ, ಸಮಾನತೆಯ ಮಾತಾಡುವ ಶಾಲೆ ವಿನಾಯಿತಿಯ ಹಿಂದೆ ಅಡಗಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಲೆಕ್ಕ ಸರಳ: 1 ಇಂಚು ಎತ್ತರಕ್ಕೆ 12 ಇಂಚು ಉದ್ದ. ತಲಾ 7 ಇಂಚಿನ ಮೂರು ಮೆಟ್ಟಿಲಿಗೆ 21 ಅಡಿ ರ‍್ಯಾಂಪ್, ಮೇಲೆ ಕೆಳಗೆ 5 ಅಡಿಯ ಸಮತಟ್ಟು ಬೇರೆ. ಜಾಗ ಇದೆಯಾ ಅಂತ ಹಗ್ಗ ಹಾಸಿ ನೋಡಿ.

ಹಳ್ಳಿ ಕಡೆಯ ಶಾಲೆಯಾದರೆ ಬಾವಿ ಮತ್ತು ಸೆಪ್ಟಿಕ್. ಸ್ವಂತ ಬಾವಿಯ ನೀರನ್ನು ಕನಿಷ್ಠ ಅದೇ 25 ಜನ ವರ್ಷಕ್ಕೆ 6 ತಿಂಗಳಿಗಿಂತ ಹೆಚ್ಚು ಕುಡಿದರೆ ಅದು ಕಾನೂನಿನ ಕಣ್ಣಿಗೆ ಸಾರ್ವಜನಿಕ ನೀರಿನ ವ್ಯವಸ್ಥೆ, ಪರೀಕ್ಷೆಗಳು ಕಡ್ಡಾಯ. ಇನ್ನೊಂದು ತರಗತಿ ಸೇರಿಸುವ ಆಸೆಗೆ ಕೊನೆಗೆ ಅಡ್ಡ ನಿಲ್ಲುವುದು ಎಷ್ಟೋ ಸಲ ದುಡ್ಡಲ್ಲ, ಸೆಪ್ಟಿಕ್ ಟ್ಯಾಂಕಿನ ಅಳತೆ. ಹಾಗೇ ಹೊಸ ಸೂರು, ಹೊಸ ಡಾಂಬರು ಹಾಕಿದಷ್ಟೂ ಮಳೆನೀರು ಇಂಗಿಸುವ ವ್ಯವಸ್ಥೆಯನ್ನು ಟೌನ್‌ಶಿಪ್ (ಸ್ಥಳೀಯ ಆಡಳಿತ) ಕೇಳುತ್ತದೆ. ಅಲ್ಲಿನ ಅಧಿಕಾರಿಯನ್ನು ನಕ್ಷೆ ಮಾಡಿಸುವ ಮೊದಲೇ ಒಮ್ಮೆ ಭೇಟಿಯಾಗಿ. ಕಟ್ಟಡ ಐತಿಹಾಸಿಕ ಪಟ್ಟಿಯಲ್ಲಿದ್ದರೆ ಅದನ್ನೂ ಆಗಲೇ ಹೇಳಿಬಿಡಿ.

ಆರನೇ ಹೆಜ್ಜೆ: ಆರ್ಕಿಟೆಕ್ಟ್ ಮತ್ತು ಮಾಸ್ಟರ್ ಪ್ಲಾನ್

ಮೂವರನ್ನಾದರೂ ಮಾತಾಡಿಸಿ. ಚಂದದ ಚಿತ್ರ ತೋರಿಸಿದವರಿಗಿಂತ, ಬಂದ ದಿನ ನಿಮ್ಮ ಬಾಯ್ಲರ್ ಕೋಣೆ ನೋಡಬೇಕು ಅಂದವರಿಗೆ ನನ್ನ ಮತ. ಪ್ಲಾನನ್ನು ಮೂರು ಪದರವಾಗಿ ಕೇಳಿ: ಈ ಎರಡು ವರ್ಷದಲ್ಲಿ ಆಗಲೇಬೇಕಾದ್ದು (ಸೋರುವುದು, ಸುಡಬಹುದಾದ್ದು, ಬೀಳಬಹುದಾದ್ದು), ಐದು ವರ್ಷದೊಳಗಿನದು, ಹತ್ತು ವರ್ಷದ ಕನಸು. ಇವತ್ತಿನ ಪೈಪು ಹತ್ತು ವರ್ಷದ ಕನಸಿನ ಅಡಿಪಾಯದ ಕೆಳಗೆ ಹೋಗದ ಹಾಗೆ ನೋಡಿಕೊಳ್ಳೋದೇ ಈ ಪ್ಲಾನಿನ ಮುಖ್ಯ ಕೆಲಸ.

ಕಟ್ಟುವ ಮೊದಲು ಇರುವುದನ್ನು ಎಣಿಸಿ. ಮೀಟಿಂಗ್‌ಹೌಸ್ ಭಾನುವಾರ ಬಿಟ್ಟರೆ ಬಹುತೇಕ ಖಾಲಿ. ಬಲಿಪೀಠ ಇಲ್ಲ, ಪ್ರವಚನದ ಕಟ್ಟೆ ಇಲ್ಲ, ಬರೀ ಬೆಂಚು. ಹಳೆಯವುಗಳಲ್ಲಿ ಗಂಡಸರ ಹೆಂಗಸರ ಸಭೆಗಳನ್ನು ಬೇರೆ ಮಾಡುತ್ತಿದ್ದ ಮರದ ಅಡ್ಡಗೋಡೆ ಇನ್ನೂ ಇರುತ್ತದೆ, ಸರಿಸಿದರೆ ಒಂದು ಕೋಣೆ ಎರಡಾಗುತ್ತದೆ. ಕುದುರೆ ಗಾಡಿ ನಿಲ್ಲಿಸುತ್ತಿದ್ದ ಮುಂಭಾಗ ತೆರೆದ ಸಾಲು ಚಪ್ಪರಗಳು ಮಳೆಗಾಲದ ಆಟಕ್ಕೆ ಹೇಳಿ ಮಾಡಿಸಿದ ಜಾಗ.

ಮಾದರಿ ಬೇಕು ಅಂದಾಗ ಎಲ್ಲರೂ ವಾಷಿಂಗ್ಟನ್ನಿನ ಸಿಡ್ವೆಲ್ ಫ್ರೆಂಡ್ಸ್ ಶಾಲೆಯನ್ನು ತೋರಿಸುತ್ತಾರೆ. 2006ರಲ್ಲಿ ಮುಗಿದ ಅದರ ಮಿಡ್ಲ್ ಸ್ಕೂಲ್ ಕಟ್ಟಡದ ಅಂಗಳದಲ್ಲೇ ಜೌಗು ಗಿಡಗಳ ಮಡಿ ಇದೆ, ಕಟ್ಟಡದ ಕೊಳಕು ನೀರು ಅದರಲ್ಲಿ ಶುದ್ಧವಾಗಿ ಮತ್ತೆ ಕಕ್ಕಸಿಗೆ ಬರುತ್ತದೆ. ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಮಾನ್ಯತೆ ಪಡೆದ ಮೊದಲ ಶಾಲಾ ಕಟ್ಟಡ ಅದು. ಚೆನ್ನಾಗಿದೆ, ಆದರೆ ಅವರ ಜೇಬು ನಮ್ಮದಲ್ಲ. ನನಗೆ ನೆನಪಾಗುವುದು ಇನ್ನೊಬ್ಬ ಕ್ವೇಕರ್, ತಿರುವನಂತಪುರದ ಲಾರಿ ಬೇಕರ್. 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ಕೇರಳದವರೇ ಆಗಿಹೋದ ಆರ್ಕಿಟೆಕ್ಟ್. ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಅವರ ರ‍್ಯಾಟ್ ಟ್ರ್ಯಾಪ್ ಗೋಡೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಸುತ್ತದೆ. ಬೆಂಗಳೂರಿನಲ್ಲೂ ಅಂಥ ಮನೆಗಳನ್ನು ನೀವು ನೋಡಿರಬಹುದು. ಪೆನ್ಸಿಲ್ವೇನಿಯಾ ಚಳಿಗೆ ಆ ಗೋಡೆ ಹಾಗೇ ಹೊಂದುವುದಿಲ್ಲ. ಆದರೆ “ಇದು ನಿಜಕ್ಕೂ ಬೇಕಾ?” ಅಂತ ಪ್ರತಿ ಸಾಲಿನ ಮುಂದೆ ಕೇಳುವ ಅವರ ರೀತಿ ಎಲ್ಲಿಗೂ ಹೊಂದುತ್ತದೆ.

ಏಳನೇ ಹೆಜ್ಜೆ: ದುಡ್ಡು

ಕಂಟ್ರಾಕ್ಟರ್ ಹೇಳುವ ಮೊತ್ತ ಪೂರ್ತಿ ಖರ್ಚಲ್ಲ. ಆರ್ಕಿಟೆಕ್ಟ್, ಪರ್ಮಿಟ್, ಮಣ್ಣು ಪರೀಕ್ಷೆ, ಇನ್ಶೂರೆನ್ಸ್, ಪೀಠೋಪಕರಣ ಸೇರಿ ಇನ್ನೂ ಶೇ. 20–30 ಇಟ್ಟುಕೊಳ್ಳಿ. ಹಳೇ ಕಟ್ಟಡವಾದರೆ ಶೇ. 15 ಆಪತ್ತಿಗೆ ಅಂತ ಬೇರೆ. ಗೋಡೆ ಒಡೆದಾಗ ಒಳಗೇನಿದೆ ಅಂತ ಕಟ್ಟಿದವನಿಗಷ್ಟೇ ಗೊತ್ತು.

ದೇಣಿಗೆ ಎತ್ತುವಾಗ ಗುರಿಯ ಅರ್ಧಕ್ಕಿಂತ ಹೆಚ್ಚು ಸದ್ದಿಲ್ಲದೆ ಮಾತಾಡಿ ಗಟ್ಟಿ ಮಾಡಿಕೊಂಡು, ಆಮೇಲೆ ಎಲ್ಲರಿಗೂ ಸಾರುವುದು ಇಲ್ಲಿನ ರೂಢಿ. ಆದರೆ ಕ್ವೇಕರ್ ಶಾಲೆಯಲ್ಲಿ ಎರಡು ಕಡೆ ಎಡವಬಹುದು. ಒಂದು, ಲಾಟರಿ, ರ‍್ಯಾಫಲ್. ಜೂಜನ್ನು ಕ್ವೇಕರರು ಮೊದಲಿಂದಲೂ ವಿರೋಧಿಸಿದವರು. ಉತ್ಸಾಹದಲ್ಲಿ ನಾನು ರ‍್ಯಾಫಲ್ ಟಿಕೆಟ್ ಅಂದಾಗ ಕೋಣೆ ತಣ್ಣಗಾಗಿದ್ದು ಈಗಲೂ ನೆನಪಿದೆ. ಇನ್ನೊಂದು, ದಾನಿಗಳ ಹೆಸರಿನ ಫಲಕ. ಒಂದು ಫ್ಯಾನಿನ ಮೂರು ರೆಕ್ಕೆಗೂ ದಾನಿಯ ಹೆಸರು ಬರೆಸುವ ನಾಡಿನಿಂದ ಬಂದವರು ನಾವು. ಇಲ್ಲಿ ಮೊದಲು ಕೇಳಿ. ಹೆಸರು ಹಾಕಬೇಕಾ, ಎಲ್ಲಿ, ಎಷ್ಟು ದೊಡ್ಡದಾಗಿ ಅಂತ ದುಡ್ಡು ಕೇಳುವ ಮೊದಲೇ ಮಿನಿಟ್ ಆಗಲಿ.

ಸೋಲಾರ್‌ಗೆ 2022ರ ಕಾನೂನು ಲಾಭಕ್ಕಲ್ಲದ ಸಂಸ್ಥೆಗಳಿಗೂ ತೆರಿಗೆ ರಿಯಾಯಿತಿಯ ಬದಲು ನೇರ ಹಣ ಸಿಗುವ ದಾರಿ ಮಾಡಿತ್ತು. 2025ರ ಕಾನೂನು ಆ ಗಡುವನ್ನು ಬಹಳ ಹತ್ತಿರ ಎಳೆದಿದೆ. ಬಜೆಟ್ಟಿಗೆ ಹಾಕುವ ಮೊದಲು ಅಕೌಂಟೆಂಟ್ ಹತ್ತಿರ ತಾರೀಕು ಖಚಿತ ಮಾಡಿಕೊಳ್ಳಿ. ಬೇರೆ ಶಾಲೆಗಳು ಹೇಗೆ ಮಾಡಿದವು ಅಂತ ತಿಳಿಯಲು 1931ರಿಂದ ಇರುವ, ಕ್ವೇಕರ್ ಶಾಲೆಗಳ ಸಂಘವಾದ ಫ್ರೆಂಡ್ಸ್ ಕೌನ್ಸಿಲ್ ಆನ್ ಎಜುಕೇಶನ್ ಒಳ್ಳೆಯ ಬಾಗಿಲು.

ಎಂಟನೇ ಹೆಜ್ಜೆ: ಬೇಸಿಗೆಯ ಹತ್ತು ವಾರ

ಶಾಲೆಗೆ ರಜೆ ಇರುವುದು ಜೂನ್ ನಡುವಿನಿಂದ ಆಗಸ್ಟ್ ಕೊನೆ. ಅಷ್ಟೇ ಸಮಯ. ಹಿಂದಕ್ಕೆ ಎಣಿಸಿ: ಜನವರಿ, ಫೆಬ್ರುವರಿಯಲ್ಲಿ ಟೆಂಡರ್, ಅದಕ್ಕೆ ಮುಂಚೆ ಪರ್ಮಿಟ್ಟಿನ ನಕ್ಷೆ, ಅದಕ್ಕೆ ಮುಂಚಿನ ವಸಂತದಲ್ಲೇ ಮೀಟಿಂಗ್‌ನ ಒಪ್ಪಿಗೆ. ಕೆಲವು ಮೀಟಿಂಗ್‌ಗಳು ಬೇಸಿಗೆಯಲ್ಲಿ ವ್ಯವಹಾರ ಸಭೆಗೆ ರಜೆ ಕೊಡುತ್ತವೆ. ಹಾಗಾಗಿ ಜುಲೈನಲ್ಲಿ ಏನಾದರೂ ಹೊಸದು ಎದ್ದರೆ ಎಷ್ಟು ಮೊತ್ತದವರೆಗೆ ಯಾರು ತೀರ್ಮಾನಿಸಬಹುದು ಅಂತ ಮೇ ತಿಂಗಳಲ್ಲೇ ಬರೆಸಿಕೊಳ್ಳಿ.

ಬಾಯ್ಲರ್, ಎಸಿ, ಕರೆಂಟಿನ ಪ್ಯಾನೆಲ್ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನಾವು ಆರ್ಡರ್ ಕೊಡುವುದು ಏಪ್ರಿಲ್ ಆಯಿತು, ತಪ್ಪು ನಮ್ಮದೇ. ಸೆಪ್ಟೆಂಬರಿನಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಮೂರು ವಾರ ಮೀಟಿಂಗ್‌ಹೌಸಿನ ಬೆಂಚಿನ ಮೇಲೆ ಕೂತು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಭಾಗಾಕಾರ ಮಾಡಿದರು. ಮಕ್ಕಳಿಗೆ ಖುಷಿಯೋ ಖುಷಿ. ಟೀಚರಿಗಲ್ಲ.

ವಾರಕ್ಕೊಮ್ಮೆ ಸೈಟಿನಲ್ಲೇ ಸಭೆ ಮಾಡಿ. ಕಂಟ್ರಾಕ್ಟರ್ ಜೊತೆ ಮಾತಾಡುವವರು ಒಬ್ಬರೇ ಇರಲಿ. ಐದು ಜನ ಕಮಿಟಿಯವರು ಐದು ಮಾತು ಹೇಳಿದರೆ ಐದು ಬಿಲ್ಲು ಬರುತ್ತವೆ. ಗೋಡೆ ಮುಚ್ಚುವ ಮೊದಲು ಒಳಗಿನ ಪೈಪು, ವೈರುಗಳ ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ಅಳತೆ ಟೇಪು ಹಿಡಿದು.

ಒಂಬತ್ತನೇ ಹೆಜ್ಜೆ: ಮುಗಿದ ಮೇಲೆ

ಕೊನೇ ಕಂತು ಕೊಡುವ ಮೊದಲು ಉಳಿದ ಸಣ್ಣ ಕೆಲಸಗಳ ಪಟ್ಟಿ ಮುಗಿಸಿಕೊಳ್ಳಿ. ಯಂತ್ರಗಳ ಕೈಪಿಡಿ, ವಾರಂಟಿ ಕಾಗದ, ಬಣ್ಣದ ನಂಬರು, ನಿಜವಾಗಿ ಕಟ್ಟಿದ ಹಾಗಿನ ನಕ್ಷೆ ಎಲ್ಲ ಒಂದೇ ಬೈಂಡರಿನಲ್ಲಿ ಇರಲಿ, ಇನ್ನೊಂದು ಪ್ರತಿ ಮೀಟಿಂಗ್ ಹತ್ತಿರ. ಹೊಸ ಬೀಗಗಳ ಕೈಗೆ ಅವತ್ತೇ ಚೀಟಿ ಅಂಟಿಸಿ.

ವಾರಂಟಿ ಸಾಮಾನ್ಯವಾಗಿ ಒಂದು ವರ್ಷ. ಹನ್ನೊಂದನೇ ತಿಂಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ತಿಂಗಳ ಮೊದಲ ಜೋರು ಮಳೆಗೆ ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಮತ್ತೆ ಬೇಸ್‌ಮೆಂಟಿಗೆ ಇಳಿಯಿರಿ. ಈ ಸಲ ಕಂಟ್ರಾಕ್ಟರನ್ನೂ ಜೊತೆಗೆ ಕರೆದುಕೊಳ್ಳಿ.